ಬಟನ್ ಒತ್ತುವ ಮುನ್ನ: ಬಳ್ಳಾರಿ ಸೀಮೆಯ ಸರ್ವರ್ ರೂಮುಗಳಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಸರ್ವರ್ ನೋಡಿಕೊಳ್ಳುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ. ಆ ಸರ್ವರುಗಳಿಗೆ ದುಡ್ಡು ಹಾಕುವ ಸಾವ್ಕಾರ್ರೇ. ಆಪರೇಟಿಂಗ್ ಸಿಸ್ಟಂ ಪಾಠ ಹೇಳುವ ಮೇಷ್ಟ್ರೇ, ಮೇಡಂ,



ನಮ್ಮ ಸೀಮೆಯಲ್ಲಿ ಈಗ ಸರ್ವರ್ ಇಲ್ಲದ ವ್ಯವಹಾರ ಕಡಿಮೆ. ಅಕ್ಕಿ ಮಿಲ್ಲಿನ ವೇಬ್ರಿಡ್ಜ್ ಅದರ ಮೇಲೆ ನಿಂತಿದೆ. ಜೀನ್ಸ್ ಹೊಲಿಗೆ ಘಟಕದ ಸ್ಟಾಕು, ಸೊಸೈಟಿಯ ಸಾಲದ ಲೆಕ್ಕ, ಲ್ಯಾಬಿನ ರಿಪೋರ್ಟು, ಕಾಲೇಜಿನ ಹಾಜರಿ, ಎಲ್ಲವೂ ಯಾವುದೋ ಒಂದು ಕೋಣೆಯ ಮೂಲೆಯಲ್ಲಿ ಗುಂಯ್‌ಗುಡುವ ಪೆಟ್ಟಿಗೆಯನ್ನು ನಂಬಿಕೊಂಡಿವೆ. ಆ ಪೆಟ್ಟಿಗೆ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಪರದೆಯ ತುಂಬ ಬಿಳಿ ಅಕ್ಷರದ ಸಾಲುಗಳು. ಕೀಬೋರ್ಡ್ ಮಾತು ಕೇಳುವುದಿಲ್ಲ. ಹೊರಗೆ ಜನ ಕಾಯುತ್ತಿದ್ದಾರೆ. ಯಾರೋ ಒಬ್ಬರು ಓಡಿ ಬಂದು ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ಮಿಷನ್ ಮತ್ತೆ ಏಳುತ್ತದೆ, ಎಲ್ಲರಿಗೂ ಹೋದ ಜೀವ ಬಂದಂತಾಗುತ್ತದೆ. ಸಂಜೆ ‘ಯಾಕೆ ಬಿತ್ತು?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಕರೆಂಟ್, ಇಲ್ಲವೇ ಬಿಸಿಲು, ಇಲ್ಲವೇ ವೈರಸ್. ಕೆಲವು ದಿನ ಬಿಟ್ಟು ಅದೇ ಮಿಷನ್ ಅದೇ ರೀತಿ ಮತ್ತೆ ಬೀಳುತ್ತದೆ.

ಆ ಬಟನ್ ಒತ್ತುವುದಕ್ಕೆ ಮೊದಲಿನ ನಾಲ್ಕಾರು ನಿಮಿಷಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಯಾಕೆ ಬಿತ್ತು ಎಂಬುದರ ಸಾಕ್ಷ್ಯ ಆ ಹೊತ್ತಿನಲ್ಲಿ ಮಿಷನ್ನಿನ ಮೆಮೊರಿಯಲ್ಲೇ ಇರುತ್ತದೆ. ಬಟನ್ ಒತ್ತಿದ ಕ್ಷಣ ಅದು ಅಳಿಸಿಹೋಗುತ್ತದೆ. ನನ್ನ ಕೋರಿಕೆ ಒಂದೇ. ಕಾರಣವನ್ನು ಉಳಿಸಿಕೊಂಡು ಎಬ್ಬಿಸಿ. ಹಾಗೆ ಉಳಿಸಿಕೊಳ್ಳುವ ಏರ್ಪಾಡನ್ನು ಸರ್ವರ್ ಗಟ್ಟಿಯಾಗಿ ನಿಂತಿರುವಾಗಲೇ ಮಾಡಿಡಿ.

ಮೊದಲು ಆಗುವುದೇನು ಎಂದು ಹೇಳಿಬಿಡುತ್ತೇನೆ. ನಾವು ಬಳಸುವ ಸಾಫ್ಟ್‌ವೇರ್‌ಗಳ ಕೆಳಗೆ ಕರ್ನೆಲ್ ಇರುತ್ತದೆ. ಮೆಮೊರಿಯಲ್ಲಿ ಯಾರಿಗೆಷ್ಟು ಜಾಗ, ಡಿಸ್ಕಿಗೆ ಯಾವಾಗ ಬರೆಯಬೇಕು, ನೆಟ್‌ವರ್ಕಿನಿಂದ ಬಂದದ್ದು ಯಾರಿಗೆ ಸೇರಬೇಕು ಎಂದು ತೀರ್ಮಾನಿಸುವುದು ಅದು. ಬಿಲ್ಲಿಂಗ್ ಸಾಫ್ಟ್‌ವೇರ್ ತಪ್ಪು ಮಾಡಿದರೆ ಕರ್ನೆಲ್ ಅದೊಂದನ್ನು ನಿಲ್ಲಿಸಿ ಉಳಿದವರನ್ನು ಕಾಪಾಡುತ್ತದೆ. ತಪ್ಪು ಕರ್ನೆಲ್ಲಿನ ಒಳಗೇ ಆದರೆ ಕಾಪಾಡಲು ಮೇಲೆ ಯಾರೂ ಇಲ್ಲ. ಆಗಲೂ ಅದು ಓಡುತ್ತಲೇ ಇದ್ದರೆ ಕೆಟ್ಟ ಲೆಕ್ಕವನ್ನು ಡಿಸ್ಕಿನ ಮೇಲೆ ಬರೆದು ಒಳ್ಳೆಯ ದಾಖಲೆಯನ್ನೂ ಹಾಳುಮಾಡಬಹುದು. ಅದಕ್ಕೇ ಕರ್ನೆಲ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಇದಕ್ಕೆ ಪ್ಯಾನಿಕ್ ಎನ್ನುತ್ತಾರೆ, ವಿಂಡೋಸಿನಲ್ಲಿ ಇದು ನೀಲಿ ಪರದೆ ಎಂದು ಹೆಸರಾಗಿದೆ. ನಿಂತ ಆ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಫೈಲಿಗೆ ಇಳಿಸಿದರೆ ಅದೇ ಕ್ರ್ಯಾಶ್ ಡಂಪ್. ಯಾವ ಸಿಪಿಯು ಯಾವ ಸಾಲಿನಲ್ಲಿತ್ತು, ಅದನ್ನು ಅಲ್ಲಿಗೆ ಕರೆದವರು ಯಾರು, ಯಾವ ಬೀಗ (ಲಾಕ್) ಯಾರ ಕೈಯಲ್ಲಿತ್ತು, ಎಷ್ಟು ಮೆಮೊರಿ ಖಾಲಿ ಇತ್ತು, ಎಲ್ಲವೂ ಅದರಲ್ಲಿ ಸಿಗುತ್ತದೆ.

ಇಳಿಸಬೇಕು, ಸರಿ. ಇಳಿಸುವವರು ಯಾರು? ಬಿದ್ದಿರುವುದು ಡಿಸ್ಕಿಗೆ ಬರೆಯಬೇಕಾದ ಕರ್ನೆಲ್ಲೇ. ಅದರ ಡಿಸ್ಕ್ ಡ್ರೈವರೇ ಕೆಟ್ಟಿದ್ದರೆ? ಬೀಗ ಹಾಕಿದವನೇ ಸತ್ತುಹೋಗಿದ್ದರೆ? ಹಳೆಯ ಯೂನಿಕ್ಸ್ ಯಂತ್ರಗಳು ಬೀಳುವಾಗ ಸ್ವಾಪ್ ಜಾಗಕ್ಕೆ ಮೆಮೊರಿಯನ್ನು ಸುರಿದು, ಮತ್ತೆ ಎದ್ದ ಮೇಲೆ ಅದನ್ನು ಫೈಲಾಗಿ ಎತ್ತಿಡುತ್ತಿದ್ದವು. ಲಿನಕ್ಸಿಗೆ ಇಂಥದ್ದೊಂದು ಬೇಕೆಂದು ಎಸ್‌ಜಿಐ ಕಂಪನಿ 1999ರಲ್ಲಿ ಎಲ್‌ಕೆಸಿಡಿ ಎಂಬ ಯೋಜನೆ ಶುರುಮಾಡಿತು. ಆಮೇಲೆ ನೆಟ್‌ವರ್ಕಿನ ಮೂಲಕ ಬೇರೆ ಯಂತ್ರಕ್ಕೆ ಕಳಿಸುವ ನೆಟ್‌ಡಂಪ್, ಡಿಸ್ಕಿಗೆ ಬರೆಯುವ ಡಿಸ್ಕ್‌ಡಂಪ್ ಬಂದವು. ಎಲ್ಲಕ್ಕೂ ಒಂದೇ ಊನ: ಕೆಟ್ಟ ಕರ್ನೆಲ್ಲಿನ ಕೈಯಲ್ಲೇ ಅದರ ಕೊನೆಯ ಹೇಳಿಕೆ ಬರೆಸುತ್ತಿದ್ದವು. ಕೆಟ್ಟ ಕೈ ಡಂಪ್ ಬರೆಯಲು ಹೋಗಿ ಒಳ್ಳೆಯ ಡಿಸ್ಕಿನ ಮೇಲೆ ಗೀಚಿಬಿಡುವ ಭಯವೂ ಇತ್ತು.

ಈ ತೊಡಕು ಬಿಡಿಸಿದ್ದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಅದು ನಮ್ಮ ಕಾಲೇಜುಗಳಲ್ಲೇ ಹೆಚ್ಚು ಮಂದಿಗೆ ಗೊತ್ತಿಲ್ಲ ಎಂಬ ಸಂಕಟವೂ ಈ ಪತ್ರಕ್ಕೆ ಒಂದು ಕಾರಣ. ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿ 2004ರ ಸುಮಾರಿಗೆ ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್ ಮತ್ತು ಅವರ ಜೊತೆಗಾರರು ಕೆಡಂಪ್ ಎಂಬ ವಿಧಾನ ಕಟ್ಟಿದರು. ಓಡುತ್ತಿರುವ ಕರ್ನೆಲ್ಲಿನಿಂದ ಇನ್ನೊಂದು ಕರ್ನೆಲ್ಲಿಗೆ ಬಯಾಸ್ ಮುಟ್ಟದೆ ನೇರವಾಗಿ ಜಿಗಿಯುವ ಕೆಕ್ಸೆಕ್ ಎಂಬ ದಾರಿಯನ್ನು ಅಮೆರಿಕದ ಎರಿಕ್ ಬೀಡರ್‌ಮನ್ ಹಾಕಿದ್ದರು. ಅದರ ಮೇಲೆ ಕೆಡಂಪ್ ನಿಂತಿತು. 2005ರ ಜುಲೈಯಲ್ಲಿ ಕೆನಡಾದ ಒಟ್ಟಾವ ಲಿನಕ್ಸ್ ಸಿಂಪೋಸಿಯಂನಲ್ಲಿ ಈ ಮೂವರ ಹೆಸರಿನಲ್ಲಿ ಪ್ರಬಂಧ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದ ಲಿನಕ್ಸ್ 2.6.13ರಲ್ಲಿ ಕೆಡಂಪ್ ಮುಖ್ಯ ಕರ್ನೆಲ್ಲಿಗೇ ಸೇರಿತು. ಇವತ್ತು ಜಗತ್ತಿನ ಯಾವ ಮೂಲೆಯ ಲಿನಕ್ಸ್ ಸರ್ವರ್ ಬಿದ್ದು ಡಂಪ್ ಬರೆದರೂ ಸಾಮಾನ್ಯವಾಗಿ ಈ ದಾರಿಯಲ್ಲೇ ಬರೆಯುತ್ತದೆ. ಕರ್ನೆಲ್ಲಿನ ಕೆಡಂಪ್ ಸೋರ್ಸ್ ಫೈಲುಗಳ ತಲೆಯಲ್ಲಿ ನೆಲ್ಲಿತೀರ್ಥರ ಹೆಸರು ಈಗಲೂ ಇದೆ. ಸೋರ್ಸ್ ತೆರೆದರೆ ನೀವೇ ನೋಡಬಹುದು. 

ಕೆಡಂಪಿನ ಯೋಚನೆ ಸರಳ, ಮತ್ತು ನನಗೆ ಅದರಲ್ಲಿ ತುಂಬಾ ಪ್ರೀತಿ. ಬಿದ್ದವನನ್ನು ನಂಬಬೇಡ, ಬೀಳದವನೊಬ್ಬನನ್ನು ಮೊದಲೇ ಕೂರಿಸಿಡು. ಸರ್ವರ್ ಶುರುವಾಗುವಾಗಲೇ ಮೆಮೊರಿಯ ಒಂದು ಚೂರನ್ನು ಬೇರೆ ಎತ್ತಿಟ್ಟು, ಅದರೊಳಗೆ ಇನ್ನೊಂದು ಸಣ್ಣ ಕರ್ನೆಲ್ಲನ್ನು ತಂದು ಮಲಗಿಸುತ್ತಾರೆ. ಮುಖ್ಯ ಕರ್ನೆಲ್ ಆ ಜಾಗವನ್ನು ತನ್ನ ಕೆಲಸಕ್ಕೆ ಬಳಸುವುದಿಲ್ಲ. ಪ್ಯಾನಿಕ್ ಆದ ಕೂಡಲೇ ಉಳಿದ ಸಿಪಿಯುಗಳನ್ನು ನಿಲ್ಲಿಸಿ, ಅವುಗಳ ರಿಜಿಸ್ಟರುಗಳನ್ನು ಬರೆದಿಟ್ಟು, ಆ ಮಲಗಿದ ಕರ್ನೆಲ್ಲಿಗೆ ಜಿಗಿಯುತ್ತದೆ. ಅದು ತನಗೆ ಎತ್ತಿಟ್ಟ ಜಾಗದಲ್ಲೇ ಎದ್ದು, ತನ್ನದೇ ಹೊಸ ಡ್ರೈವರುಗಳನ್ನು ಹಾಕಿಕೊಳ್ಳುತ್ತದೆ. ಸತ್ತ ಕರ್ನೆಲ್ಲಿನ ಮೆಮೊರಿ ಪಕ್ಕದಲ್ಲಿ ಇದ್ದ ಹಾಗೇ ಇರುತ್ತದೆ. ಅದು ವಿಎಂಕೋರ್ ಎಂಬ ಫೈಲಿನ ರೂಪದಲ್ಲಿ ಇದಕ್ಕೆ ಕಾಣುತ್ತದೆ. ಅದನ್ನು ಡಿಸ್ಕಿಗೋ ಬೇರೆ ಸರ್ವರಿಗೋ ಬರೆದು, ಆಮೇಲೆ ಮಿಷನ್ನನ್ನು ಮಾಮೂಲಿನಂತೆ ಎಬ್ಬಿಸುತ್ತದೆ. ಜಪಾನಿನ ಎನ್‌ಇಸಿಯ ಎಂಜಿನಿಯರುಗಳು ಬರೆದ ಮೇಕ್‌ಡಂಪ್‌ಫೈಲ್ ಎಂಬ ಸಾಧನ ಖಾಲಿ ಪುಟ, ಕ್ಯಾಷ್ ಪುಟ, ಬಳಕೆದಾರರ ಪುಟಗಳನ್ನು ಜರಡಿ ಹಿಡಿದು ಬಿಡುವುದರಿಂದ, ದೊಡ್ಡ ಮೆಮೊರಿಯ ಯಂತ್ರದ ಡಂಪೂ ಸಣ್ಣ ಫೈಲಾಗಿ ಕೈಗೆ ಬರುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಎಷ್ಟು? ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ 4 ಜಿಬಿಯಿಂದ 64 ಜಿಬಿವರೆಗಿನ ಸಾಮಾನ್ಯ ಸರ್ವರಿಗೆ ಎತ್ತಿಡುವುದು 256 ಎಂಬಿ. ಅದಕ್ಕಿಂತ ದೊಡ್ಡ ಯಂತ್ರಕ್ಕೆ 512 ಎಂಬಿ. ಸಾಫ್ಟ್‌ವೇರಿಗೆ ಕಾಸಿಲ್ಲ. ಬೂಟ್ ಸಾಲಿನಲ್ಲಿ ‘ಕ್ರ್ಯಾಶ್‌ಕರ್ನೆಲ್’ ಎಂದು ಬರೆದು ಅಳತೆ ಕೊಡಬೇಕು, ಕೆಡಂಪ್ ಸರ್ವಿಸ್ ಚಾಲೂ ಮಾಡಬೇಕು, ಒಮ್ಮೆ ರೀಬೂಟ್ ಮಾಡಬೇಕು. ಇದನ್ನು ಮಾಡದೆ ಇರಲು ಒಳ್ಳೆಯ ಕಾರಣವೊಂದನ್ನು ನಾನು ಇನ್ನೂ ಕೇಳಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಬಂತು? ಬಿದ್ದ ಮೇಲೆ ಈ ಏರ್ಪಾಡು ಮಾಡಿದರೆ ಆ ಬೀಳುವಿಕೆಯ ಕಾರಣವಂತೂ ಸಿಗುವುದಿಲ್ಲ.

ಸಾಕ್ಷ್ಯ ಉಳಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆ ಇದೆ. ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೋಗುವ ದಾರಿಯ ಕುಡತಿನಿಯ ಬೂದಿದಿಬ್ಬದ ಬಗ್ಗೆ ನೀವು ಕೇಳಿರುತ್ತೀರಿ. ಅದು ರಾಕ್ಷಸರ ಸುಟ್ಟ ಮೂಳೆ ಎಂದು ಊರಿನವರು ಕಥೆ ಹೇಳಿದರು. ವಿದ್ವಾಂಸರಲ್ಲಿ ಕೆಲವರು ಜ್ವಾಲಾಮುಖಿಯದ್ದು ಎಂದರು, ಕೆಲವರು ಕಬ್ಬಿಣ ಕರಗಿಸಿದ ಕಿಟ್ಟ ಎಂದರು. ಬಳ್ಳಾರಿ ಸೀಮೆಯ ಕಲ್ಲುಗುಡ್ಡಗಳನ್ನು ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿ ಸುಟ್ಟ ಬೂದಿ ಎಂದು ಕಂಡರು. 1960ರಲ್ಲಿ ಪುರಾತತ್ವಜ್ಞ ಎಫ್. ಇ. ಜ್ಯೂನರ್ ಬೂದಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ ಅದನ್ನೇ ಗಟ್ಟಿಮಾಡಿದರು. ನವಶಿಲಾಯುಗದ ದನಗಾಹಿಗಳ ಚಿತ್ರ ನಮಗೆ ಸಿಕ್ಕಿತು. ನೂರು ವರ್ಷದ ವಾದ ತೀರಿದ್ದು ಯಾರ ಮಾತಿನ ಬಲದಿಂದಲೂ ಅಲ್ಲ. ದಿಬ್ಬ ಅಲ್ಲೇ ಇತ್ತು, ಯಾರೂ ಪೂರ್ತಿ ಬಳಿದು ಸಮ ಮಾಡಿರಲಿಲ್ಲ, ಅದಕ್ಕೆ ತೀರಿತು. ಸರ್ವರ್ ರೂಮಿನಲ್ಲಿ ನಾವು ಕರೆಂಟು, ಬಿಸಿಲು, ವೈರಸ್ ಎಂದು ವಾದ ಮಾಡುತ್ತೇವೆ. ನೋಡಲು ಬೂದಿಯನ್ನೇ ಉಳಿಸಿಕೊಂಡಿರುವುದಿಲ್ಲ.

ಹತ್ತಿರದಿಂದ ನೋಡಿದ ಒಂದು ಪ್ರಕರಣ ಹೇಳುತ್ತೇನೆ. ಸಿರುಗುಪ್ಪ ಕಡೆಯ ಒಂದು ಅಕ್ಕಿ ಮಿಲ್ಲು. ಸುಗ್ಗಿಯ ಕಾಲ. ಸೋನಾ ಮಸೂರಿ ಭತ್ತದ ಲಾರಿಗಳು ಗೇಟಿನಿಂದ ರೋಡಿನವರೆಗೆ ನಿಂತಿದ್ದವು. ವೇಬ್ರಿಡ್ಜಿನ ತೂಕ, ತೇವಾಂಶ, ಚೀಲದ ಲೆಕ್ಕ, ರೈತರ ಪಾವತಿ ಎಲ್ಲವೂ ಒಂದೇ ಲಿನಕ್ಸ್ ಸರ್ವರಿನಲ್ಲಿ. ಅದು ಹೊತ್ತುಗೊತ್ತಿಲ್ಲದೆ ಬೀಳುತ್ತಿತ್ತು. ಕರೆಂಟಿನ ತೊಂದರೆ ಎಂದು ಯುಪಿಎಸ್ ಬ್ಯಾಟರಿ ಬದಲಾಯಿಸಿದರು. ಬಿಸಿಲು ಎಂದು ಎಸಿ ಹಾಕಿಸಿದರು. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಪೂರ್ತಿ ಅಳಿಸಿ ಹೊಸದಾಗಿ ಹಾಕಿದರು. ಆದರೂ ಬಿತ್ತು. ಅದು ಬಿದ್ದಾಗಲೆಲ್ಲ ಗುಮಾಸ್ತರು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಹಮಾಲರು ಕೂಲಿ ಹೋಯಿತೆಂದು ಗೊಣಗುತ್ತ ಚೀಲದ ಮೇಲೆ ಕೂರಬೇಕು, ಹಿಂದಿನ ರಾತ್ರಿಯಿಂದ ಲಾರಿಯಲ್ಲೇ ಮಲಗಿದ್ದ ರೈತ ಇನ್ನೊಂದು ರಾತ್ರಿ ಮಲಗಬೇಕು. ಸರ್ವರ್ ನೋಡಿಕೊಳ್ಳುತ್ತಿದ್ದ ಹುಡುಗನ ಮೇಲೆ ಎಲ್ಲರ ಕಣ್ಣು.

ಕೊನೆಗೆ ಕೆಡಂಪ್ ಕಟ್ಟಿ ಕಾದೆವು. ಮುಂದಿನ ಸಲ ಬಿದ್ದಾಗ ವಾರ್ ಫೋಲ್ಡರಿನ ಒಳಗಿನ ಕ್ರ್ಯಾಶ್ ಫೋಲ್ಡರಿನಲ್ಲಿ ಡಂಪ್ ಬಂದು ಕೂತಿತ್ತು, ಜೊತೆಗೆ ಕರ್ನೆಲ್ಲಿನ ಕೊನೆಯ ಮಾತುಗಳ ಸಾದಾ ಟೆಕ್ಸ್ಟ್ ಫೈಲೂ ಇತ್ತು. ರೆಡ್ ಹ್ಯಾಟಿನ ಡೇವ್ ಆಂಡರ್ಸನ್ ಬಹುಕಾಲ ಬೆಳೆಸಿದ ‘ಕ್ರ್ಯಾಶ್’ ಎಂಬ ಸಾಧನದಲ್ಲಿ ಡಂಪನ್ನು ತೆರೆದು ಬ್ಯಾಕ್‌ಟ್ರೇಸ್ ಕೇಳಿದೆವು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಮೊದಲು ಕರೆದವರು, ಮೇಲೆ ಕೊನೆಗೆ ಬಿದ್ದವರು. ಒಂದು ಪ್ರೋಗ್ರಾಮು ಫೈಲಿಗೆ ಬರೆಯಲು ಹೋಗಿದೆ, ಫೈಲ್ ಸಿಸ್ಟಂ ಮೆಮೊರಿ ಕೇಳಿದೆ, ಕರ್ನೆಲ್ ತನ್ನ ಪಟ್ಟಿಯೊಂದರಲ್ಲಿ ಪಕ್ಕದ ಕೊಂಡಿಯ ವಿಳಾಸ ತಾಳೆ ನೋಡಿದೆ, ತಾಳೆಯಾಗಿಲ್ಲ, ಅಲ್ಲಿಗೇ ನಿಂತಿದೆ. ಇರಬೇಕಾದ ವಿಳಾಸ ಮತ್ತು ಇದ್ದ ವಿಳಾಸ ಎರಡನ್ನೂ ಕರ್ನೆಲ್ಲೇ ಬರೆದಿಟ್ಟಿತ್ತು. 16 ಅಂಕಿಗಳ ಆ ಎರಡು ವಿಳಾಸಗಳನ್ನು ಒಂದರ ಕೆಳಗೊಂದು ಇಟ್ಟರೆ ಒಂದೇ ಒಂದು ಅಂಕಿ ಬೇರೆ. ಅದನ್ನು ಬಿಡಿಸಿದರೆ ಒಂದೇ ಒಂದು ಬಿಟ್ ಬೇರೆ: ಸೊನ್ನೆ ಇರಬೇಕಾದಲ್ಲಿ ಒಂದು.

ಎರಡನೆಯ ಡಂಪ್ ಬಂದಾಗ ಬಿದ್ದ ಜಾಗ ಬೇರೆ. ಅದು ನೆಟ್‌ವರ್ಕಿನ ಕೆಲಸದಲ್ಲಿತ್ತು. ಫೈಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಲ್ಲಿಯೂ ಕೆಟ್ಟಿದ್ದು ಅದೇ ಸ್ಥಾನದ ಬಿಟ್. ಸಾಫ್ಟ್‌ವೇರಿನ ತಪ್ಪಾದರೆ ಹೆಚ್ಚಾಗಿ ಒಂದೇ ದಾರಿಯಲ್ಲಿ ಬೀಳುತ್ತದೆ. ದಾರಿ ಬೇರೆಬೇರೆಯಾಗಿ ಒಂದೇ ಬಿಟ್ ಕೆಡುತ್ತಿದೆ ಎಂದರೆ ಮೆಮೊರಿಯ ಕಡ್ಡಿಯನ್ನೇ ಅನುಮಾನಿಸಬೇಕು. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದಾಗ ಒಂದು ರ‍್ಯಾಮ್ ಕಡ್ಡಿ ಸಿಕ್ಕಿಬಿತ್ತು. ಬ್ಯಾಟರಿಗೆ ಸುರಿದದ್ದಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ ಅದನ್ನು ಬದಲಿಸಿದರು. ಹುಡುಗನ ಕೆಲಸವೂ ಉಳಿಯಿತು, ಮಾನವೂ ಉಳಿಯಿತು. ನನಗೆ ಈ ವಿಷಯದಲ್ಲಿ ಇಷ್ಟು ಕಳಕಳಿ ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ. ಕಾರಣ ಗೊತ್ತಿಲ್ಲದ ಕಡೆ ತಪ್ಪು ಯಾವಾಗಲೂ ಕೆಳಗಿನವನ ತಲೆಗೆ ಬರುತ್ತದೆ.

ಡಂಪ್ ಸಿಕ್ಕಿತೆಂದರೆ ಕಾರಣ ತಾನಾಗಿ ಸಿಕ್ಕಿತು ಎಂದು ನಾನು ಹೇಳುತ್ತಿಲ್ಲ. ಒಬ್ಬ ಡ್ರೈವರು ಬೇರೆಯವರ ಜಾಗದಲ್ಲಿ ಗೀಚಿ ಹೋಗಿರುತ್ತಾನೆ, ಆಮೇಲೆ ಅಲ್ಲಿಗೆ ಬಂದ ಅಮಾಯಕ ಬೀಳುತ್ತಾನೆ. ಬಿದ್ದ ಸಾಲಿನಲ್ಲಿ ಹೆಸರಿದ್ದವನೇ ತಪ್ಪಿತಸ್ಥ ಎಂದು ತೀರ್ಮಾನ ಮಾಡಬೇಡಿ. ಒಂದು ಡಂಪ್ ಅನುಮಾನ ಹುಟ್ಟಿಸುತ್ತದೆ. ಎರಡು ಮೂರು ಡಂಪುಗಳನ್ನು ಹೋಲಿಸಿದಾಗ ಸತ್ಯ ಹೊರಬೀಳುತ್ತದೆ. ಅದಕ್ಕೇ ಒಂದನ್ನು ನೋಡಿ ಅಳಿಸಬೇಡಿ. ಅದೇ ಕರ್ನೆಲ್ಲಿಗೆ ಹೊಂದುವ ಡೀಬಗ್ ಮಾಹಿತಿಯ ಫೈಲನ್ನೂ ಜೊತೆಗೇ ಎತ್ತಿಡಿ. ಅದಿಲ್ಲದಿದ್ದರೆ ಒಳಗಿನ ವಿಳಾಸಗಳು ಬರೀ ಅಂಕಿಗಳಾಗಿ ಉಳಿಯುತ್ತವೆ.

ಈಗ ಕೈಕೊಡುವ ಜಾಗಗಳನ್ನು ಹೇಳುತ್ತೇನೆ. ಕೆಡಂಪ್ ಹಾಕಿದ್ದೇವೆ ಎಂದುಕೊಂಡು ಡಂಪ್ ಸಿಗದೆ ಕಂಗಾಲಾದವರನ್ನು ಬಹಳ ನೋಡಿದ್ದೇನೆ. ಡಂಪ್ ಬರೆಯುವ ಡಿಸ್ಕ್ ತುಂಬಿರುತ್ತದೆ. ಎತ್ತಿಟ್ಟ ಮೆಮೊರಿ ಸಾಲದೆ ಎರಡನೆಯ ಕರ್ನೆಲ್ಲೇ ಉಸಿರುಗಟ್ಟುತ್ತದೆ. ರೇಡ್ ಕಾರ್ಡಿನ ಡ್ರೈವರು ಆ ಸಣ್ಣ ಕರ್ನೆಲ್ಲಿನ ಜೊತೆ ಸೇರಿರುವುದಿಲ್ಲ. ಯಂತ್ರದ ಹಾರ್ಡ್‌ವೇರ್ ವಾಚ್‌ಡಾಗ್ ಅರ್ಧಕ್ಕೇ ರೀಸೆಟ್ ಮಾಡಿಬಿಡುತ್ತದೆ. ಇವೆಲ್ಲ ಗೊತ್ತಾಗಬೇಕೆಂದರೆ ಒಂದೇ ದಾರಿ: ಬೇಕೆಂದೇ ಬೀಳಿಸಿ ನೋಡಬೇಕು. ಪ್ರಾಕ್ ಒಳಗಿನ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲಿಗೆ ಸಿ ಎಂಬ ಒಂದಕ್ಷರ ಬರೆದರೆ ಕರ್ನೆಲ್ ಅಲ್ಲೇ ಬೀಳುತ್ತದೆ. ಹೊಸ ಸರ್ವರನ್ನು ಕೆಲಸಕ್ಕೆ ಹಚ್ಚುವ ಮೊದಲು, ಒಳಗೆ ಯಾರ ಲೆಕ್ಕವೂ ಇಲ್ಲದಿರುವಾಗ ಇದನ್ನು ಮಾಡಿ, ಡಂಪ್ ಬಂತೇ ನೋಡಿ, ತೆರೆದು ಓದಲಾಗುತ್ತದೆಯೇ ನೋಡಿ. ಕರ್ನೆಲ್ ಅಪ್‌ಡೇಟ್ ಮಾಡಿದ ಮೇಲೆ, ಮೆಮೊರಿ ಹೆಚ್ಚಿಸಿದ ಮೇಲೆ ಮತ್ತೆ ಮಾಡಿ. ವ್ಯವಹಾರ ನಡೆಯುತ್ತಿರುವ ಯಂತ್ರದ ಮೇಲೆ ಹಗಲು ಹೊತ್ತು ಮಾತ್ರ ಖಂಡಿತ ಬೇಡ.

ಇನ್ನೊಂದು ಬಗೆ ಇದೆ: ಬೀಳದೆ, ಏಳದೆ, ಸುಮ್ಮನೆ ಹೆಪ್ಪುಗಟ್ಟುವುದು. ಪ್ಯಾನಿಕ್ ಆಗದಿದ್ದರೆ ಡಂಪೂ ಇಲ್ಲ. ಅದಕ್ಕೆ ಸಿಪಿಯು ಹೆಪ್ಪುಗಟ್ಟಿದರೆ ಪ್ಯಾನಿಕ್ ಮಾಡು ಎಂಬ ಲಾಕಪ್ ಸೆಟ್ಟಿಂಗುಗಳನ್ನು ಮೊದಲೇ ಹಾಕಿಡಬಹುದು. ಸಿಸ್‌ಆರ್‌ಕ್ಯೂಗೆ ಅನುಮತಿ ಕೊಟ್ಟಿದ್ದರೆ ಕೀಬೋರ್ಡಿನಲ್ಲಿ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಸಿ ಒತ್ತಿದರೂ ಡಂಪ್ ಶುರುವಾಗುತ್ತದೆ. ಪವರ್ ಬಟನ್ನಿನ ಕಡೆ ಹೋಗುವ ಕೈ ಮೊದಲು ಆ ಮೂರು ಕೀಗಳ ಕಡೆ ಹೋಗಲಿ. ಡಂಪ್ ಇಡಲು ಜಾಗವೇ ಇಲ್ಲದ ಹಳೆಯ ಯಂತ್ರವಾದರೆ ನೆಟ್‌ಕನ್ಸೋಲ್ ಹಾಕಿ ಕರ್ನೆಲ್ಲಿನ ಮಾತುಗಳನ್ನು ಪಕ್ಕದ ಕಂಪ್ಯೂಟರಿಗೆ ಕಳಿಸಿ. ಅದೂ ಆಗದಿದ್ದರೆ ಪರದೆಯ ಫೋಟೋ ತೆಗೆದುಕೊಂಡು ಆಮೇಲೆ ಮುಂದಿನ ಮಾತು.

ಡಂಪ್ ಬರೆಯಲು ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಮಿಷನ್ ಸತ್ತ ಹಾಗೆ ಕಾಣುತ್ತದೆ. ಗಾಬರಿಯಲ್ಲಿ ಯಾರೋ ಬಟನ್ ಒತ್ತಿದರೆ ಎಲ್ಲ ಏರ್ಪಾಡೂ ನೀರುಪಾಲು. ಅದಕ್ಕೆ ಸರ್ವರಿನ ಮೇಲೆ ಒಂದು ಚೀಟಿ ಅಂಟಿಸಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: ‘ಮಿಷನ್ ನಿಂತಿದ್ದರೆ ಬಟನ್ ಒತ್ತಬೇಡಿ. ಹತ್ತು ನಿಮಿಷ ಕಾಯಿರಿ, ತಾನೇ ಏಳುತ್ತದೆ. ಏಳದಿದ್ದರೆ ಪರದೆಯ ಫೋಟೋ ತೆಗೆದು ಈ ನಂಬರಿಗೆ ಫೋನ್ ಮಾಡಿ.’ ರಾತ್ರಿ ಪಾಳಿಯ ವಾಚ್‌ಮನ್ನಿಗೂ ಇದು ಓದಲು ಬರಬೇಕು. ನನ್ನ ಅನುಭವದಲ್ಲಿ ಈ ಚೀಟಿ ಉಳಿಸಿದಷ್ಟು ಡಂಪುಗಳನ್ನು ಯಾವ ಸೆಟ್ಟಿಂಗೂ ಉಳಿಸಿಲ್ಲ.

ವಿಂಡೋಸ್ ಸರ್ವರ್ ಇಟ್ಟವರಿಗೂ ಇದೇ ಮಾತು. ಅದು ಡಂಪನ್ನು ಮೊದಲು ಪೇಜ್ ಫೈಲಿಗೆ ಬರೆದು, ಮುಂದಿನ ಸಲ ಎದ್ದಾಗ ಮೆಮೊರಿ ಡಾಟ್ ಡಿಎಂಪಿ ಎಂಬ ಫೈಲಾಗಿ ಎತ್ತಿಡುತ್ತದೆ. ಬರೆಯಲು ಮಾಮೂಲಿ ಡಿಸ್ಕ್ ಡ್ರೈವರನ್ನು ನಂಬದೆ, ಅದರ ಬೇರೊಂದು ಪ್ರತಿಯನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ. ಬಿದ್ದವನನ್ನು ನಂಬಬಾರದು ಎಂಬ ತಿಳಿವಳಿಕೆ ಅಲ್ಲಿಯೂ ಇದೆ. ವೇಗ ಬರಲಿ ಎಂದು ಪೇಜ್ ಫೈಲ್ ತೆಗೆದುಹಾಕುವವರು, ಜಾಗ ಖಾಲಿಯಾಗಲಿ ಎಂದು ಕ್ಲೀನರ್ ಓಡಿಸಿ ಡಂಪುಗಳನ್ನು ಗುಡಿಸುವವರು ತಮಗೇ ಗೊತ್ತಿಲ್ಲದೆ ಸಾಕ್ಷ್ಯ ಅಳಿಸುತ್ತಾರೆ. ಮೈಕ್ರೋಸಾಫ್ಟಿನ ವಿನ್‌ಡಿಬಿಜಿ ಉಚಿತವಾಗಿ ಸಿಗುತ್ತದೆ. ಡಂಪ್ ತೆರೆದರೆ ಹೆಚ್ಚಾಗಿ ಬಿದ್ದ ಡ್ರೈವರಿನ ಹೆಸರನ್ನಾದರೂ ಹೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ಅಪ್‌ಡೇಟಿನಿಂದ ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನ ಕಂಪನಿಗಳು ಪ್ರಯಾಣಿಕರ ಚೆಕ್-ಇನ್ ಕೈಯಲ್ಲೇ ಮಾಡಬೇಕಾಯಿತು. 20 ಮಾಹಿತಿಗಳನ್ನು ಕೊಟ್ಟಿದ್ದ ಕಡೆ ಕರ್ನೆಲ್ಲಿನೊಳಗೆ ಓಡುವ ಕ್ರೌಡ್‌ಸ್ಟ್ರೈಕ್ ಕೋಡ್ 21ನೆಯದನ್ನು ಓದಲು ಹೋಗಿತ್ತು. ಯಂತ್ರಗಳಿಂದ ಬಂದ ಡಂಪುಗಳನ್ನು ಬಿಡಿಸಿ ಮೈಕ್ರೋಸಾಫ್ಟ್ ಅದೇ ತಿಂಗಳು ತನ್ನ ವಿಶ್ಲೇಷಣೆ ಪ್ರಕಟಿಸಿತು. ಅಷ್ಟು ದೊಡ್ಡ ಅನಾಹುತದ ಕಾರಣ ಅಷ್ಟು ಬೇಗ ಖಚಿತವಾಗಲು ಉಳಿದ ಸಾಕ್ಷ್ಯವೂ ನೆರವಾಯಿತು.

ಡಂಪನ್ನು ಉಳಿಸಿ ಎಂದ ಮೇಲೆ ಅದನ್ನು ಕಾಯಬೇಕು ಎಂದೂ ಹೇಳಲೇಬೇಕು. ಬಿದ್ದ ಹೊತ್ತಿನಲ್ಲಿ ಮೆಮೊರಿಯಲ್ಲಿ ಇದ್ದದ್ದೆಲ್ಲ ಡಂಪಿನಲ್ಲಿ ಇರಬಹುದು: ರೋಗಿಯ ಹೆಸರು, ಆಧಾರ್ ಸಂಖ್ಯೆ, ಪಾಸ್‌ವರ್ಡು, ಸಾಲಗಾರನ ಬಾಕಿ. ಬಳಕೆದಾರರ ಪುಟಗಳನ್ನು ಜರಡಿ ಹಿಡಿದರೂ ಕರ್ನೆಲ್ಲಿನ ಸ್ವಂತ ಜಾಗದಲ್ಲಿ ಚೂರುಪಾರು ಉಳಿದಿರುತ್ತದೆ. ಮೈಕ್ರೋಸಾಫ್ಟಿನಂಥ ಕಂಪನಿಯ ಸಹಿ ಕೀ ಒಂದು ಕಳವಾದಾಗ, ಅದು 2021ರ ಒಂದು ಕ್ರ್ಯಾಶ್ ಡಂಪಿನ ಮೂಲಕ ಹೊರಗೆ ಹೋಗಿರಬಹುದು ಎಂದು 2023ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಹೇಳಿತು. ಆ ಕೀ ಇರುವ ಡಂಪ್ ತನಗೆ ಸಿಕ್ಕಿಲ್ಲ ಎಂದು 2024ರ ಮಾರ್ಚಿನಲ್ಲಿ ತಿದ್ದಿಕೊಂಡಿತು. ಡಂಪಿನೊಳಗೆ ಏನಿರಬಹುದು ಎಂಬ ಭಯ ಎಂಥದ್ದು ಎಂದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ಡಂಪನ್ನು ವಾಟ್ಸ್‌ಆಪಿನಲ್ಲಿ ಕಳಿಸಬೇಡಿ, ಪೆನ್‌ಡ್ರೈವಿನಲ್ಲಿ ಹಾಕಿ ಟೇಬಲ್ಲಿನ ಮೇಲೆ ಬಿಡಬೇಡಿ. ಅಡ್ಮಿನ್ ಬಿಟ್ಟು ಬೇರೆಯವರಿಗೆ ಓದಲು ಬಾರದಂತೆ ಇಡಿ, ಹೊರಗಿನವರಿಗೆ ಕೊಡಬೇಕಾದರೆ ಎನ್‌ಕ್ರಿಪ್ಟ್ ಮಾಡಿ ಕೊಡಿ, ಕಾರಣ ಗೊತ್ತಾಗಿ ಸರಿಪಡಿಸಿದ ಮೇಲೆ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಎಂಬುದಕ್ಕಿಂತ ಹೆಚ್ಚಾಗಿ, ಅದು ನಮ್ಮನ್ನು ನಂಬಿ ಬಂದ ಜನರ ಮಾಹಿತಿ.

ಸಾವ್ಕಾರ್ರೇ, ನಿಮಗೆ ಬೇರೆಯಾಗಿ ಎರಡು ಮಾತು. ಸರ್ವರ್ ಬಿದ್ದಾಗ ಬೇಗ ಏಳಲಿ ಎಂಬ ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ. ಲಾರಿ ನಿಂತರೆ ಬಾಡಿಗೆ ಏರುತ್ತದೆ, ಹೊಲಿಗೆ ನಿಂತರೆ ಆರ್ಡರ್ ಕೈತಪ್ಪುತ್ತದೆ. ಆದರೆ ಹತ್ತು ನಿಮಿಷ ಉಳಿಸಲು ಹೋಗಿ ಮುಂದಿನ ತಿಂಗಳ ಹತ್ತು ಗಂಟೆ ಕಳೆದುಕೊಳ್ಳಬೇಡಿ. ಸರ್ವರ್ ಕೊಳ್ಳುವಾಗ, ಸರ್ವಿಸಿನವರ ಜೊತೆ ವರ್ಷದ ಒಪ್ಪಂದ ಮಾಡುವಾಗ, ‘ಡಂಪ್ ಬರುತ್ತದೆಯೇ, ಬೀಳಿಸಿ ತೋರಿಸಿ’ ಎಂದು ಕೇಳಿ. ತೋರಿಸಿದ ಮೇಲೆಯೇ ಸಹಿ ಮಾಡಿ. ಬಿದ್ದ ಮೇಲೆ ‘ಯಾರ ತಪ್ಪು?’ ಎಂದು ಕೇಳುವ ಬದಲು ‘ಡಂಪ್ ಏನು ಹೇಳಿತು?’ ಎಂದು ಕೇಳಿ. ಸಾಧ್ಯವಿದ್ದರೆ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿಯ ಸರ್ವರನ್ನೇ ತನ್ನಿ. ಮಿಲ್ಲಿನ ಕಥೆಯಲ್ಲಿ ಆ ಒಂದು ಬಿಟ್ ಅಲ್ಲೇ ಸರಿಹೋಗುತ್ತಿತ್ತು.

ಮೇಷ್ಟ್ರೇ, ಮೇಡಂ, ಬಳ್ಳಾರಿಯಲ್ಲಿ ಆರ್‌ವೈಎಂಇಸಿ, ಬಿಐಟಿಎಂನಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಶೆಡ್ಯೂಲಿಂಗು, ಡೆಡ್‌ಲಾಕು, ಪೇಜಿಂಗು ಮಕ್ಕಳಿಗೆ ಬಾಯಿಪಾಠ ಬರುತ್ತದೆ. ಒಂದು ವರ್ಚುವಲ್ ಮಿಷನ್ನಿನಲ್ಲಿ ಲಿನಕ್ಸ್ ಹಾಕಿ, ಬೇಕೆಂದೇ ಬೀಳಿಸಿ, ಡಂಪ್ ತೆರೆದು ಓದುವ ಒಂದೇ ಒಂದು ಪ್ರಾಕ್ಟಿಕಲ್ ಮಾಡಿಸಿ. ಅಲ್ಲಿ ಪುಸ್ತಕದ ಪೇಜ್ ಟೇಬಲ್ಲು ಕಣ್ಣೆದುರು ಬರುತ್ತದೆ, ಬೀಗಕ್ಕೆ ಕಾದು ನಿಂತ ಪ್ರೋಸೆಸ್ ಹೆಸರು ಸಮೇತ ಸಿಗುತ್ತದೆ. ಕಂಪ್ಯೂಟರ್ ಲ್ಯಾಬಿನ ಮಾಮೂಲಿ ಯಂತ್ರ ಸಾಕು, ಹೊಸ ಉಪಕರಣ ಬೇಡ. ಈ ವಿದ್ಯೆ ಬಂದವರು ಜಗತ್ತಿನಲ್ಲೇ ಕಡಿಮೆ. ಜಗತ್ತಿಗೆ ಅದನ್ನು ಕೊಟ್ಟವರಲ್ಲಿ ನಮ್ಮ ರಾಜಧಾನಿಯಲ್ಲಿ ಕೂತು ದುಡಿದವರಿದ್ದಾರೆ ಎಂದು ಮಕ್ಕಳಿಗೆ ಹೇಳಿ. ಸಿರುಗುಪ್ಪದ, ಕುರುಗೋಡಿನ ಹುಡುಗ ಹುಡುಗಿಯರಿಗೆ ಕರ್ನೆಲ್ ಎಂದರೆ ಎಲ್ಲೋ ಅಮೆರಿಕದವರ ಕೆಲಸ ಎಂಬ ಅಳುಕು ಇರಬಾರದು.

ಗೆಳೆಯರೇ, ಈ ಪತ್ರ ಓದಿ ಮಡಚಿಡುವ ಮುನ್ನ ನಿಮ್ಮ ಸರ್ವರಿನಲ್ಲಿ ನಾಲ್ಕು ಸಂಗತಿ ನೋಡಿ. ಮೆಮೊರಿ ಎತ್ತಿಟ್ಟಿದೆಯೇ? ಕೆಡಂಪ್ ಸರ್ವಿಸ್ ಓಡುತ್ತಿದೆಯೇ? ಡಂಪ್ ಇಡಲು ಡಿಸ್ಕಿನಲ್ಲಿ ಜಾಗ ಇದೆಯೇ? ಒಮ್ಮೆಯಾದರೂ ಬೀಳಿಸಿ ನೋಡಿದ್ದೀರಾ? ನಾಲ್ಕರಲ್ಲಿ ಒಂದಕ್ಕೆ ‘ಇಲ್ಲ’ ಎಂದು ಬಂದರೂ ಈ ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡು ಸರಿಮಾಡಿ. ಮಾಡಿದ ಮೇಲೆ ಪಕ್ಕದ ಮಿಲ್ಲಿನ, ಪಕ್ಕದ ಲ್ಯಾಬಿನ ಗೆಳೆಯರಿಗೂ ಮಾಡಿಕೊಡಿ. ಒಬ್ಬರಿಗೆ ಸಿಕ್ಕ ಕಾರಣ ಹತ್ತು ಜನರ ತಲೆನೋವು ತಪ್ಪಿಸುತ್ತದೆ. ಒಂದೇ ಬಗೆಯ ಬೋರ್ಡು, ಒಂದೇ ಬಗೆಯ ರೇಡ್ ಕಾರ್ಡು ನಮ್ಮ ಊರುಗಳಲ್ಲಿ ಎಷ್ಟೋ ಕಡೆ ಇವೆ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಸರ್ವರ್ ಕೆಲಸಗಾರ